ಬದಲಿ ತಂಡದ ಬಸ್ಸು

ಊಟದ ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲೆ ಕುಕ್ಕಿ ಡ್ರೈವರ್ ರೇಗಿದ. "ಚೆಂಡು ಒದೆಯೋರಿಗೂ ಮುಷ್ಕರವಂತೆ! ಎರಡು ವಾರದಿಂದ ಅವರಿವರ ಕೈಕಾಲು ಹಿಡಿದು ಭಾನುವಾರದ ರಜೆ ಗಿಟ್ಟಿಸಿದ್ದೀನಿ. ಸೆಮಿಫೈನಲ್ ಕಣಯ್ಯಾ, ಸೆಮಿಫೈನಲ್! ಈಗ ಇವರು ಆಡಲ್ಲವಂತೆ."

ಬಸ್ ಡಿಪೋದ ಊಟದ ಕೋಣೆಯಲ್ಲಿ ಅವನ ಎದುರಿಗೆ ಕೂತಿದ್ದವನು ಮೆಕ್ಯಾನಿಕ್, ಹೆಂಡತಿಯ ತಮ್ಮ. ಇಬ್ಬರೂ ಒಂದೇ ತಂಡಕ್ಕೆ ಗಂಟಲು ಹರಿದುಕೊಳ್ಳುವವರು. ಮಿಕ್ಕ ಎಲ್ಲ ವಿಷಯಕ್ಕೂ ಕಿತ್ತಾಟ.

"ಸುಮ್ಮಸುಮ್ಮನೆ ಆಡಲ್ಲ ಅಂದ್ರಾ ಭಾವಾ? ಗೋಡೆಗೆ ಏನು ಮಾಡಿದ್ರು, ಗೊತ್ತಲ್ಲ?"

ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಗೋಡೆ ಅಂದರೆ ತಂಡದ ಡಿಫೆಂಡರ್. ಅವನನ್ನು ದಾಟಿ ಚೆಂಡು ಹೋಗುವುದಿಲ್ಲ ಅಂತ ಅಭಿಮಾನಿಗಳೇ ಇಟ್ಟ ಹೆಸರು. ಮಂಡಿ ನೋವು ಅಂದವನಿಗೆ ಕ್ಲಬ್ಬಿನವರು ಇಂಜೆಕ್ಷನ್ ಚುಚ್ಚಿ ಚುಚ್ಚಿ ಮೂರು ಪಂದ್ಯ ಆಡಿಸಿದರು. ನಾಲ್ಕನೆಯದರಲ್ಲಿ ಮಂಡಿಯ ಒಳಗೆ ಏನೋ ಹರಿದುಹೋಯಿತು. ಅವನಿನ್ನೂ ಆಸ್ಪತ್ರೆಯಲ್ಲಿರುವಾಗಲೇ 'ನಿಮ್ಮ ಸೇವೆ ಇಲ್ಲಿಗೆ ಸಾಕು' ಅಂತ ಮೊಬೈಲಿಗೆ ಮೆಸೇಜು ಬಂತು. ಅವನ ಕಾಲು ಸರಿಮಾಡಿಸಿ ವಾಪಸ್ ಸೇರಿಸಿಕೊಳ್ಳುವ ತನಕ ಬೂಟು ಮುಟ್ಟುವುದಿಲ್ಲ ಅಂತ ಉಳಿದವರು ಹಟ ಹಿಡಿದಿದ್ದರು.

"ಆಟ ಅಂದಮೇಲೆ ಏಟು ಬೀಳಲ್ವಾ?" ಅಂದ ಡ್ರೈವರ್. "ಮೊನ್ನೆ ಸಿನಿಮಾದಲ್ಲಿ ನೋಡಿದ್ಯಲ್ಲ, ಹೀರೋ ಎದೆಗೆ ಎರಡು ಗುಂಡು ಬಿದ್ರೂ ಎದ್ದು ನಿಂತು ಹದಿನೈದು ಜನಕ್ಕೆ ಹೊಡೆದ. ಗಂಡಸು ಅಂದ್ರೆ ಅವನು."

"ಅವನಿಗೆ ಡೂಪ್ ಇರ್ತಾನೆ ಭಾವಾ. ಏಟು ತಿನ್ನೋನು ಒಬ್ಬ, ಶಿಳ್ಳೆ ಹೊಡೆಸ್ಕೊಳ್ಳೋನು ಇನ್ನೊಬ್ಬ."

"ನಿನ್ನೆ ಮಂತ್ರಿಗಳೂ ಟೀವೀಲಿ ಅದೇ ಹೇಳಿದ್ರು. ಇವರಿಗೆ ಕೊಬ್ಬು ಜಾಸ್ತಿ ಅಂತ."

"ಹೋದ ವರ್ಷ ನಾವು ಬಸ್ ನಿಲ್ಲಿಸಿದಾಗಲೂ ಅದೇ ಮಂತ್ರಿ, ಅದೇ ಮಾತು. ಆವತ್ತು ನೀವು ಟೀವಿಗೆ ಚಪ್ಪಲಿ ಎಸೆದ್ರಿ. ನಮ್ಮಕ್ಕ ಇನ್ನೂ ಅದರ ಗಾಜು ತೋರಿಸಿ ಬೈತಾಳೆ."

"ಅದು ಬೇರೆ. ನಮ್ಮದು ಹೊಟ್ಟೆಪಾಡು, ಅವರದು ಆಟ," ಅಂತ ಡ್ರೈವರ್ ಮಾತು ಮುಗಿಸುವಷ್ಟರಲ್ಲಿ ಡಿಪೋ ಮ್ಯಾನೇಜರ್ ಒಳಗೆ ಬಂದರು. ಕ್ಲಬ್ಬಿನವರು ಬೇರೆ ಊರಿನಿಂದ ಬದಲಿ ತಂಡ ಕರೆಸಿದ್ದಾರೆ, ಭಾನುವಾರ ಅವರನ್ನು ಹೋಟೆಲಿನಿಂದ ಸ್ಟೇಡಿಯಮ್ಮಿಗೆ ಬಿಡಬೇಕು, ಬಿಟ್ಟವರು ಮೈದಾನದ ಅಂಚಿನಲ್ಲೇ ಕೂತು ಪಂದ್ಯ ನೋಡಬಹುದು ಅಂದರು. ನಾನು ಹೋಗ್ತೀನಿ ಅಂತ ಡ್ರೈವರ್ ಎಂಜಲು ಕೈಯನ್ನೇ ಎತ್ತಿದ. ಮೆಕ್ಯಾನಿಕ್ ಅರ್ಧ ಊಟ ಬಿಟ್ಟು ಎದ್ದವನು ಬಾಗಿಲ ತನಕ ಹೋಗಿ ತಿರುಗಿ, "ನಿಮ್ಮ ಜೊತೆ ಇನ್ನು ಮ್ಯಾಚ್ ನೋಡಲ್ಲ," ಅಂದು ಹೊರಟುಹೋದ.

ಭಾನುವಾರ ಮಧ್ಯಾಹ್ನ ಬಸ್ಸು ಸ್ಟೇಡಿಯಮ್ಮಿನ ಬೀದಿಗೆ ತಿರುಗಿದಾಗ ಕ್ಲಬ್ಬಿನ ಅಧಿಕಾರಿ ಎದ್ದು ಕಿಟಕಿಗಳ ಪರದೆ ಎಳೆಸಿದ. ಗೇಟಿನ ಮುಂದೆ, ಡಾಂಬರಿನ ಮೇಲೆ, ಹಳೆಯ ತಂಡ ಅಡ್ಡಲಾಗಿ ಕೂತಿತ್ತು. ಎಲ್ಲರಿಗಿಂತ ಮುಂದೆ ಗೋಡೆ. ಒಂದು ಕಾಲು ನೆಟ್ಟಗೆ ಚಾಚಿತ್ತು, ತೊಡೆಯಿಂದ ಹಿಮ್ಮಡಿಯವರೆಗೆ ಪಟ್ಟಿ. ಊರುಗೋಲು ಪಕ್ಕದಲ್ಲಿ.

ಡ್ರೈವರ್ ಬ್ರೇಕ್ ತುಳಿದ.

"ನಿಲ್ಲಿಸಬೇಡಿ," ಅಂದ ಅಧಿಕಾರಿ. "ಹತ್ತಿರ ಹೋದ್ರೆ ಅವರಾಗೇ ಎದ್ದು ಓಡ್ತಾರೆ."

"ಅವನಿಗೆ ಏಳೋಕಾಗಲ್ಲ ಸಾರ್."

"ಹಾಗಾದ್ರೆ ಎತ್ತಿ ಹಾಕಿಸ್ತೀನಿ." ಅಧಿಕಾರಿ ಕಿಟಕಿಯಿಂದ ಕೈಸನ್ನೆ ಮಾಡಿದ. ಕಾವಲಿನವರಿಬ್ಬರು ಬಂದು ಗೋಡೆಯ ಕಂಕುಳಿಗೆ ಕೈಹಾಕಿ ಎಳೆದರು. ಪಟ್ಟಿ ಸುತ್ತಿದ ಕಾಲು ಡಾಂಬರಿಗೆ ಉಜ್ಜಿತು. ಅವನು ಚೀರಿದ.

"ಲೋ! ಕಾಲು, ಕಾಲು ನೋಡ್ಕೊಳ್ರೋ! ಮನುಷ್ಯರೇನ್ರೋ ನೀವು?" ಅಂತ ಅರಚುತ್ತ ಡ್ರೈವರ್ ಎಂಜಿನ್ ಆರಿಸಿ, ಬೀಗದ ಕೈ ಜೇಬಿಗಿಳಿಸಿ ಕೆಳಕ್ಕೆ ಧುಮುಕಿದ. ಕಾವಲಿನವರನ್ನು ಎರಡೂ ಕೈಯಲ್ಲಿ ನೂಕಿ ಗೋಡೆಯನ್ನು ತಬ್ಬಿ ಹಿಡಿದು ಮೆಲ್ಲಗೆ ಕೂರಿಸಿದ.

"ನಿನ್ನ ಕೆಲಸ ಇವತ್ತಿಗೆ ಮುಗೀತು!" ಅಧಿಕಾರಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗಿದ.

"ಮೆಸೇಜು ಕಳಿಸ್ರೀ! ಅದೊಂದು ಚೆನ್ನಾಗಿ ಬರುತ್ತಲ್ಲ ನಿಮಗೆ!"

ಬದಲಿ ಆಟಗಾರರು ಒಬ್ಬೊಬ್ಬರಾಗಿ ಇಳಿದರು. ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿದು, ರಸ್ತೆಯಲ್ಲಿ ಕೂತವರ ಕಡೆ ನೋಡದೆ, ಪಕ್ಕದ ಚಿಕ್ಕ ಬಾಗಿಲಿನಿಂದ ಒಳಗೆ ಹೋದರು. ಪಂದ್ಯ ಹೇಳಿದ ಹೊತ್ತಿಗೇ ಶುರುವಾಯಿತು. ಜನ ಸಾಲುಗಟ್ಟಿ ಬಂದರು. ಕೆಲವರು ಗೋಡೆಯನ್ನು ಗುರುತು ಹಿಡಿದು ಫೋಟೊ ತೆಗೆದುಕೊಂಡು, ಟಿಕೆಟ್ ತೋರಿಸಿ ಒಳಗೆ ನಡೆದರು. ಡ್ರೈವರ್ ಹೋಗಲಿಲ್ಲ. ಸುಡುವ ಡಾಂಬರಿನ ಮೇಲೆ ಗೋಡೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

ಅರ್ಧ ಗಂಟೆ ಕಳೆದಿರಬೇಕು. ಒಳಗೆ ಒಮ್ಮೆಲೇ ಸಾವಿರಾರು ಗಂಟಲು ಹೋ ಅಂದವು. ಗೋಡೆಯ ಕತ್ತು ತಾನಾಗಿ ಆ ಕಡೆ ತಿರುಗಿತು.

"ಗೋಲು! ಯಾರು ಹೊಡೆದ್ರು ಅಣ್ಣಾ, ನಮ್ಮೋರಾ?"

ಡ್ರೈವರ್ ಅವನನ್ನು ದುರುಗುಟ್ಟಿಕೊಂಡು ನೋಡಿದ. "ನಮ್ಮೋರು ಹೇಗಯ್ಯಾ ಹೊಡೀತಾರೆ?" ಅಂದ. "ನಮ್ಮೋರೆಲ್ಲ ರಸ್ತೇಲಿ ಕೂತಿದ್ದಾರಲ್ಲ!"