ಋತುಸಂಧಿಯ ಜಗಲಿ

ಆ ಊರಿನಲ್ಲಿ ಒಂದೊಂದು ಬೀದಿಗೆ ಒಂದೊಂದು ಋತು. ಗಂಡನಿಂದ ಬೇರೆಯಾದ ಮೇಲೆ ವಾರಿಜ ಚಳಿಗಾಲದ ಬೀದಿಯಲ್ಲಿ ಮನೆ ಹಿಡಿದಿದ್ದಳು. ಮಲ್ಲೇಶ ಬೇಸಿಗೆಯ ಬೀದಿಯಲ್ಲೇ ಉಳಿದಿದ್ದ. ಮಗಳು ಇಂಚರ ರಜೆ ಬಂದರೆ ಅಪ್ಪನ ಮನೆಗೆ ಹೋಗುತ್ತಿದ್ದಳು.

ಮಕ್ಕಳನ್ನು ಒಂದು ಋತುವಿನಿಂದ ಇನ್ನೊಂದಕ್ಕೆ ಒಮ್ಮೆಲೇ ದಾಟಿಸಬಾರದು ಎಂಬುದು ಊರಿನ ಪದ್ಧತಿ. ಬೀದಿಗಳು ಕೂಡುವಲ್ಲಿ ಒಂದು ಜಗಲಿ. ಕಳಿಸುವವರೂ ಕರೆದೊಯ್ಯುವವರೂ ಅಲ್ಲಿ ಕೂತು, ಮಗುವಿನ ಮೈ ಹೊಸ ಹವೆಗೆ ಒಗ್ಗುವವರೆಗೆ ಕಾಯಬೇಕು.

ಇವತ್ತೂ ಕೂತಿದ್ದರು. ತೆಳು ಅಂಗಿಯ ಮಲ್ಲೇಶನಿಗೆ ಸಣ್ಣಗೆ ನಡುಕ, ಸ್ವೆಟರಿನ ವಾರಿಜಳಿಗೆ ಸೆಕೆ. ಅವಳು ಮಗಳ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿದಳು. ಅವನು ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟಿದ. ಅವನು ತಂದ ಬೆಲ್ಲದ ಪಾನಕಕ್ಕೆ ಅವಳು ಚೂರು ಶುಂಠಿ ಬೆರೆಸಿದಳು. ಕೋರ್ಟಿನಲ್ಲಿ ಒಂದು ಮಾತಿಗೂ ಒಪ್ಪದವರು ಇಲ್ಲಿ ಒಂದೇ ಲೋಟಕ್ಕೆ ಕೈಹಾಕಬೇಕಿತ್ತು.

"ಶುಂಠಿ ಜಾಸ್ತಿ ಆಯ್ತೇನೋ," ಎಂದ ಮಲ್ಲೇಶ.

"ನಾನು ಹಾಕಿದ್ದೆಲ್ಲ ನಿಮಗೆ ಯಾವಾಗ್ಲೂ ಜಾಸ್ತಿನೇ," ಎಂದಳು ವಾರಿಜ. ಏಕೋ ನಕ್ಕುಬಿಟ್ಟಳು. ಅವನೂ ನಕ್ಕ.

ಇಂಚರ ಇಬ್ಬರ ಮುಖವನ್ನೂ ನೋಡಿದಳು.

"ಚಳಿ ಬಿಡ್ತಾ ಪುಟ್ಟಿ? ಹೊರಡೋಣ್ವಾ?" ಅಪ್ಪ ಕೇಳಿದ.

"ಇನ್ನೂ ಬಿಟ್ಟಿಲ್ಲಪ್ಪಾ," ಎಂದು ಅವಳು ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು.

ವಾರಿಜ ಮಗಳ ಹಣೆ ಮುಟ್ಟಿ ನೋಡಿದಳು. ಬೆವರು ಅಂಗೈಗೆ ಹತ್ತಿತು. ಅವನಿಗೆ ಕಾಣದಂತೆ ಅದನ್ನು ಸೆರಗಿಗೆ ಒರೆಸಿಕೊಂಡಳು.

"ಹೌದು, ಮೈ ಇನ್ನೂ ತಣ್ಣಗೇ ಇದೆ," ಎಂದು ಮತ್ತೆ ಎಣ್ಣೆಯ ಬಟ್ಟಲು ಎಳೆದುಕೊಂಡಳು.