ಕೂಲರ್ ಇಳಿಸಿದ ಮಧ್ಯಾಹ್ನ

ಏಸಿ ಹಾಕಲು ಬಂದ ಮೆಕ್ಯಾನಿಕ್ ಕಿಟಕಿಯಿಂದ ಹಳೇ ಕೂಲರನ್ನು ಎಳೆದು ಇಳಿಸುತ್ತಿದ್ದರೂ ವ್ಯಾನ್ ಮಾಮ ತನ್ನ ವಾದ ನಿಲ್ಲಿಸಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಶಾಲೆಯ ವ್ಯಾನ್ ಓಡಿಸುವವನಾದ್ದರಿಂದ ಬೀದಿಗೆಲ್ಲ ಅವನು ವ್ಯಾನ್ ಮಾಮ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಮನುಷ್ಯ.

"ನಮ್ಮದು ಒಣ ಹವೆ. ಇಲ್ಲಿಗೆ ಕೂಲರ್ರೇ ಸರಿ. ಏಸಿ ಹಾಕಿದ್ರೆ ತುಟಿ ಒಡೆಯುತ್ತೆ, ಬಿಲ್ ಬಂದ್ರೆ ಎದೆ ಒಡೆಯುತ್ತೆ!"

"ದಿನಕ್ಕೆ ಎಂಟು ಕೊಡ ನೀರು ಕುಡಿಯುತ್ತಲ್ಲ ನಿಮ್ಮ ಕೂಲರ್, ಹೊತ್ತು ಹಾಕೋರು ಯಾರು?" ಎಂದು ಹೆಂಡತಿ ಅವನೆದುರು ನಿಂತು ಕೂಗಿದಳು. "ನಲ್ಲಿ ಬರೋದು ದಿನ ಬಿಟ್ಟು ದಿನ. ನನ್ನ ಸೊಂಟ ಬಿದ್ದುಹೋಯ್ತು!"

ಮೆಕ್ಯಾನಿಕ್ ನಕ್ಕ. "ಅಮ್ಮಾ, ಕೂಲರ್ ಆಫ್ ಮಾಡಿದ್ದೀನಿ. ಮೆಲ್ಲಗೇ ಹೇಳಿ, ಕೇಳಿಸುತ್ತೆ. ಯಜಮಾನ್ರು ಹೇಳೋದೂ ಸುಳ್ಳಲ್ಲ, ಒಣ ಹವೆಗೆ ಕೂಲರ್ ಚೆನ್ನಾಗೇ ಇರುತ್ತೆ. ಆದ್ರೆ ನಾನು ಏಸಿ ಹಾಕಿ ಹೊಟ್ಟೆ ಹೊರೆಯೋನು, ನನ್ನ ಬಾಯಲ್ಲಿ ಅದನ್ನ ಹೇಳಿಸಬೇಡಿ."

ಹೆಂಡತಿಗೆ ನಾಚಿಕೆಯಾಯಿತು. ಆ ಮನೆಯಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇರಲಿಲ್ಲ. ತಗಡಿನ ಕೂಲರ್ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಒಂದು ಮಾತು ಗಂಡನಿಗೆ ಮುಟ್ಟಬೇಕಾದರೆ ಮೂರು ಸಲ ಅರಚಬೇಕು. ಚಳಿಗಾಲದಲ್ಲಿ ಅವನು ಟೀವಿಯನ್ನು ಬೀದಿಗೆ ಕೇಳುವಷ್ಟು ಜೋರಾಗಿ ಇಟ್ಟಾಗಲೂ ಅವಳು ಅದನ್ನು ಕೂಲರಿನ ಲೆಕ್ಕಕ್ಕೇ ಹಾಕಿದ್ದಳು.

ಒಂದು ಗಂಟೆಯಲ್ಲಿ ಏಸಿ ಗೋಡೆಯ ಮೇಲೆ ಕೂತಿತು. ವ್ಯಾನ್ ಮಾಮ ಹಳೇ ರೂಢಿಯಂತೆ ಹೋಗಿ ಪಕ್ಕದ ಕಿಟಕಿ ತೆರೆದ. ಮೆಕ್ಯಾನಿಕ್ ಅದನ್ನು ಮುಚ್ಚಿ, "ಯಜಮಾನ್ರೇ, ಕೂಲರ್‌ಗೆ ಕಿಟಕಿ ತೆರೀಬೇಕು, ಇದಕ್ಕೆ ಮುಚ್ಚಬೇಕು, ಅಷ್ಟೇ ವ್ಯತ್ಯಾಸ" ಎಂದು ಹೇಳಿ, ಸಾಮಾನಿನ ಚೀಲ ಎತ್ತಿಕೊಂಡು ಹೊರಟುಹೋದ.

ಕೋಣೆ ತಣ್ಣಗಾಯಿತು. ಅದಕ್ಕಿಂತ ಹೆಚ್ಚಾಗಿ ನಿಶ್ಶಬ್ದವಾಯಿತು. ಗಡಿಯಾರದ ಟಿಕ್ ಟಿಕ್ ಕೇಳಿ ಹೆಂಡತಿಗೆ ಎಷ್ಟು ಸುಖವೆನಿಸಿತೆಂದರೆ, ಇನ್ನು ಮೇಲೆ ಮನುಷ್ಯರ ಹಾಗೆ ಮಾತಾಡಿಕೊಂಡಿರಬಹುದು ಅಂದುಕೊಂಡಳು. ಗಂಡ ಅವಳಿಗೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದ. ಅವಳು ಹಿಂದೆ ಕೂತು ಬಟ್ಟೆ ಮಡಚುತ್ತ, ಮದುವೆಯಾದ ಹೊಸತರ ದನಿಯಲ್ಲಿ ಕೇಳಿದಳು: "ರೀ, ನಾಡಿದ್ದು ಶಾಲೆ ಶುರು. ವ್ಯಾನಿಗೆ ಬ್ರೇಕ್ ನೋಡಿಸಿದ್ರಾ?"

ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ವಾದದಲ್ಲಿ ಸೋತ ಸಿಟ್ಟು, ಇಳಿಯಲಿ ಎಂದು ಇನ್ನೆರಡು ಬಟ್ಟೆ ಮಡಚಿದಳು. ಸ್ವಲ್ಪ ಹೊತ್ತು ಬಿಟ್ಟು, "ಟೀ ಮಾಡ್ಲಾ?" ಎಂದಳು. ಎಂಥ ಸಿಟ್ಟಿನಲ್ಲೂ ಟೀ ಬೇಡ ಅಂದವನಲ್ಲ ಅವನು. ಪುಟ ತಿರುಗಿಸಿದ.

ಅವಳು ಬಟ್ಟೆ ಕೆಳಗಿಟ್ಟಳು. ಪಕ್ಕದಲ್ಲಿದ್ದ ಸ್ಟೀಲ್ ಲೋಟವನ್ನು ಎತ್ತಿ, ಬೇಕೆಂದೇ ನೆಲಕ್ಕೆ ಬಿಟ್ಟಳು. ಅದು ಠಣ್ಣೆಂದು ಪುಟಿದು, ಉರುಳಿಕೊಂಡು ಹೋಗಿ ಅವನ ಕಾಲಿಗೆ ತಾಗಿತು. ಆಗ ಅವನು ಬೆಚ್ಚಿ ಹಿಂದೆ ತಿರುಗಿದ. ಹೆಂಡತಿ ತನ್ನನ್ನೇ ನೋಡುತ್ತಿರುವುದು ಕಂಡಿತು.

"ಕರೆದ್ಯಾ? ಹಾಳಾದ್ದು ಈ ಏಸಿ ಸದ್ದಿಗೆ ಏನೂ ಕೇಳಲ್ಲ ನೋಡು" ಎಂದ. "ಕೂಲರ್ರೇ ವಾಸಿಯಾಗಿತ್ತು."

ಅವಳು ಎದ್ದು ಬಂದು ಅವನ ಎದುರಿಗೆ ಕೂತಳು.

"ಏಸಿಗೆ ಸದ್ದೇ ಇಲ್ಲ ರೀ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಮಾತು ತಿಳಿದ ಮೇಲೆ ಗೋಡೆಯತ್ತ ನೋಡಿದ, ಮುಚ್ಚಿದ ಕಿಟಕಿಯತ್ತ ನೋಡಿದ. ಅಡಗಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಪೇಪರನ್ನು ಅಗತ್ಯಕ್ಕಿಂತ ನೀಟಾಗಿ ಮಡಚಿದ.

"ಎಷ್ಟು ದಿನದಿಂದ?" ಎಂದು ಅವಳು ಕೇಳಿದಳು.

"ಎರಡು ವರ್ಷ ಆಯ್ತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ನೀನು ಅರಚಿದ್ರೆ ಮಾತ್ರ ಕೆಲಸ ಮಾಡುತ್ತೆ." ನಗಿಸಲು ನೋಡಿದ, ಅವಳು ನಗಲಿಲ್ಲ. "ಯಾರಿಗೂ ಹೇಳ್ಬೇಡ ಮಾರಾಯ್ತಿ. ಗೊತ್ತಾದ್ರೆ ನಾಳೆನೇ ಬೀಗದಕೈ ಕಿತ್ಕೋತಾರೆ. ಇಷ್ಟು ವರ್ಷದಲ್ಲಿ ಒಂದು ಮಗೂಗೆ ಒಂದು ಗೀರು ಬಿದ್ದಿಲ್ಲ ನನ್ನ ಕೈಯಲ್ಲಿ."

ಅದು ನಿಜ. ಗಂಡನನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು, ಎರಡು ವರ್ಷ ತನಗೂ ಬಚ್ಚಿಟ್ಟನಲ್ಲ ಎಂದು ಸಿಟ್ಟೂ ಬಂತು. ಆದರೆ ಅವೆರಡನ್ನೂ ಮೀರಿ ಹೆದರಿಕೆಯಾಯಿತು. ವ್ಯಾನಿನಲ್ಲಿ ಮೂವತ್ತು ಮಕ್ಕಳು. ಶಾಲೆಯ ದಾರಿಯಲ್ಲಿ ಜಲ್ಲಿ ಲಾರಿಗಳದ್ದೇ ಕಾರುಬಾರು.

ಅವನಿಗೆ ಕಾಣುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು: "ಹಿಂದಿನಿಂದ ಲಾರಿ ಹಾರನ್ ಹೊಡೆದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ಅವನ ಮುಖ ಅರಳಿತು. ಹೆಂಡತಿ ಕೊನೆಗೂ ಕೆಲಸದ ಪ್ರಶ್ನೆ ಕೇಳಿದ್ದಳು, ಅದಕ್ಕೆ ಅವನ ಬಳಿ ಉತ್ತರವೂ ಇತ್ತು.

"ಅದೇನು ದೊಡ್ಡ ವಿಷಯ! ತಲೆ ಮೇಲಿನ ಕನ್ನಡಿ ನೋಡ್ತಾ ಇರ್ತೀನಲ್ಲ. ಹಿಂದಿನ ಸೀಟಿನ ಮಕ್ಕಳು ಕಿವಿ ಮುಚ್ಚಿಕೊಂಡ ತಕ್ಷಣ ದಾರಿ ಬಿಟ್ಟುಬಿಡ್ತೀನಿ."