ಮುಳ್ಳು ಖಾಲಿ ತೋರಿಸಿದ ಮೇಲಿನ ನಲವತ್ತು ಕಿಲೋಮೀಟರ್

ಹುಳಿಯಾರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಚನ್ನಿಗಪ್ಪನದು ಒಂದೇ ಜಂಬ…

"ಡೀಸೆಲ್ ಮುಳ್ಳು ಖಾಲಿಗೆ ಬಿದ್ದ ಮೇಲೂ ನನ್ನ ಗಾಡಿ ನಲವತ್ತು ಕಿಲೋಮೀಟರ್ ಓಡುತ್ತೆ ಕಣ್ರಯ್ಯಾ! ಗಾಡಿ ಓಡೋದಲ್ಲ, ಈ ಕಾಲು ಓಡ್ಸೋದು…" ಎಂದು ಆಕ್ಸಿಲರೇಟರ್ ತುಳಿಯುವ ಬಲಗಾಲನ್ನು ಚಾಚಿ ತೋರಿಸುತ್ತಿದ್ದ.

ಸುಳ್ಳೂ ಅಲ್ಲ. ಹದಿನೆಂಟು ವರ್ಷ ಹಾಗೇ ಓಡಿತ್ತು. ಒಂದು ದಿನವೂ ದಾರಿಯಲ್ಲಿ ನಿಂತಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಪುರಾಣ. ಹೆಂಡತಿ ದೇವೀರಮ್ಮ ಮುದ್ದೆಗೆ ಸಾರು ಬಿಡುತ್ತಾ, "ಹೌದು ಬಿಡಿ, ನಿಮ್ಮಂಥ ಡ್ರೈವರು ಈ ಸೀಮೇಲಿ ಇನ್ಯಾರವ್ರೆ!" ಎನ್ನುತ್ತಿದ್ದಳು. ತುಟಿಯಂಚಿನ ನಗುವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು…

"ಗಾಡಿ ವಿಷ್ಯ ನಿಂಗೇನೇ ಗೊತ್ತು… ಸಾರು ಬಿಡು" ಎನ್ನುತ್ತಿದ್ದ ಅವನು.

ದೇವೀರಮ್ಮ ಹೋಗಿ ಈಗ ಒಂದೂವರೆ ವರ್ಷ. ತಾನೇ ಮುದ್ದೆ ಕಟ್ಟಿಕೊಳ್ಳುತ್ತಾನೆ, ತಾನೇ ಸಾರು ಬಿಟ್ಟುಕೊಳ್ಳುತ್ತಾನೆ. ಆ ಪುರಾಣ ಹೇಳೋಣವೆಂದರೆ ಎದುರಿಗೆ ಗೋಡೆ…

ಈಚೆಗೆ ಗಾಡಿಯ ಟ್ಯಾಂಕು ತುಕ್ಕು ಹಿಡಿದು ಸೋರತೊಡಗಿತು. ಬಾಡಿಗೆಗೆ ಹೋದವನು ತುಮಕೂರಿನಲ್ಲೇ ಬೇರೆ ಟ್ಯಾಂಕು ಹಾಕಿಸಿಕೊಂಡು ಬಂದ. ಟ್ಯಾಂಕು ಬದಲಾಯಿತು, ಜಂಬ ಬದಲಾಗಲಿಲ್ಲ.

ಒಂದು ಬೆಳಿಗ್ಗೆ ಎದುರು ಮನೆಯ ಮುಬೀನಾ ಓಡುತ್ತಾ ಬಂದಳು.

"ತಾತ, ಬಸ್ಸು ಹೊರಟೋಯ್ತು! ತಿಪಟೂರಲ್ಲಿ ನರ್ಸಿಂಗ್ ಎಂಟ್ರೆನ್ಸು. ಹತ್ತು ಗಂಟೆಗೆ ಗೇಟ್ ಹಾಕ್ತಾರೆ…"

ಹೋದ ವರ್ಷ ಜ್ವರ ಬಂದು ಆ ಹುಡುಗಿಗೆ ಪರೀಕ್ಷೆ ತಪ್ಪಿತ್ತು. ಈ ಸಲವೂ ತಪ್ಪಿದರೆ ಗಾರ್ಮೆಂಟ್ಸ್ ಕೆಲಸವೇ ಗತಿ.

"ಹತ್ತಮ್ಮ ಗಾಡಿ! ನಾನಿರೋವಾಗ ನಿಂಗ್ಯಾಕೆ ಭಯ?"

ಅರ್ಧ ದಾರಿ ಕಳೆದಿರಬೇಕು. ಪಕ್ಕದಲ್ಲಿ ಕೂತವಳ ಕಣ್ಣು ಮೀಟರಿನ ಮೇಲೆ ಬಿತ್ತು.

"ತಾತ… ಮುಳ್ಳು ಪೂರಾ ಕೆಳಗಿದೆಯಲ್ಲ? ಅಲ್ನೋಡಿ, ಬಂಕ್ ಬಂತು."

"ಬಂಕಲ್ಲಿ ಕ್ಯೂ ಇದೆ, ಹತ್ತು ನಿಮಿಷ ಹಾಳು. ಖಾಲಿ ಅಂತ ಮುಳ್ಳು ಹೇಳ್ಬೋದು… ಚನ್ನಿಗಪ್ಪ ಹೇಳ್ಬೇಕಲ್ಲ!"

ಬಂಕು ಹಿಂದಾಯಿತು.

ತಿಪಟೂರು ಇನ್ನೂ ಹನ್ನೆರಡು ಕಿಲೋಮೀಟರ್ ಇರುವಾಗ ಅಂಬಾಸಿಡರ್ ಎರಡು ಸಲ ಕೆಮ್ಮಿತು… ನಿಂತೇಬಿಟ್ಟಿತು.

ಕೀಲಿ ತಿರುವಿದ. ಮತ್ತೆ ತಿರುವಿದ. ಇಲ್ಲ.

ಮುಬೀನಾ ಹಾಲ್ ಟಿಕೆಟ್ ಹಿಡಿದು ಕೆಳಗಿಳಿದು, ಹಿಂದೆ ಬಿಟ್ಟುಬಂದ ಬಂಕಿನ ಕಡೆ ತಿರುಗಿ ನೋಡಿದಳು. ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ…

ಅರವತ್ತನಾಲ್ಕು ವರ್ಷದ ಚನ್ನಿಗಪ್ಪ ನಡುರಸ್ತೆಗೆ ಹೋಗಿ ಕೈಮುಗಿದು ನಿಂತುಬಿಟ್ಟ.

ಕೊಬ್ಬರಿ ಮೂಟೆ ತುಂಬಿದ ಟೆಂಪೊವೊಂದು ಕಿರ್ರೆಂದು ಬ್ರೇಕ್ ಹಾಕಿತು. "ಏನ್ ಯಜಮಾನ್ರೇ, ಸಾಯಕ್ಕೆ ನನ್ನ ಗಾಡೀನೇ ಬೇಕಿತ್ತಾ?"

"ಏನಾದ್ರೂ ಬೈಕೊಳಪ್ಪ… ಈ ಮಗೂನ ಹತ್ತರೊಳಗೆ ಪರೀಕ್ಷೆಗೆ ಮುಟ್ಟಿಸು. ನನ್ನ ಜಂಬಕ್ಕೆ ಅವಳ ಬದುಕು ಕೆಡಬಾರದು."

ಮುಬೀನಾಳನ್ನು ಹತ್ತಿಸಿಕೊಂಡು ಟೆಂಪೊ ಹೋಯಿತು. ಡೀಸೆಲ್ ಗಾಡಿ ಪೂರ್ತಿ ಖಾಲಿಯಾಗಿ ನಿಂತರೆ ಪೈಪಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಡೀಸೆಲ್ ಸುರಿದರೆ ಸಾಲದು, ಗಾಳಿ ತೆಗೆಯಲು ಮೆಕ್ಯಾನಿಕ್ ಬೇಕು. ಊರಿನ ಮೆಕ್ಯಾನಿಕ್ ಪುಟ್ಟಾಚಾರಿಗೆ ಫೋನ್ ಮಾಡಿ, ಗಡಿಯಾರ ನೋಡುತ್ತಾ ಕೂತ.

ಒಂಬತ್ತು ಐವತ್ತು… ಐವತ್ತೈದು…

ಫೋನ್ ಬಡಿದುಕೊಂಡಿತು. "ತಾತ, ಒಳಗೆ ಬಿಟ್ರು! ಫೋನ್ ಇಲ್ಲೇ ಕೊಡ್ಬೇಕಂತೆ, ಇಡ್ತೀನಿ…"

ಅವನಿಗೆ ಆಗ ಉಸಿರು ಬಂತು.

ಇನ್ನೊಂದು ಗಂಟೆಯ ಮೇಲೆ ಪುಟ್ಟಾಚಾರಿ ಕ್ಯಾನು ಕಟ್ಟಿಕೊಂಡು ಟಿವಿಎಸ್‌ನಲ್ಲಿ ಬಂದಿಳಿದ.

"ನನ್ನ ಕಾಲಿಗೆ ವಯಸ್ಸಾಯ್ತು ಕಣೋ ಆಚಾರಿ. ಆ ಕಾಲು ಹೋಯ್ತು… ಗಾಡಿ ಮಾರಿಬಿಡ್ತೀನಿ."

ಡೀಸೆಲ್ ಸುರಿದು, ಬಾನೆಟ್ ಎತ್ತಿ ಬಗ್ಗಿದ್ದ ಪುಟ್ಟಾಚಾರಿ ತಲೆ ಎತ್ತಿದ. "ಇದು ಬೇರೆ ಟ್ಯಾಂಕು. ಹಳೇದನ್ನ ಏನ್ ಮಾಡ್ದೆ?"

"ತುಮಕೂರಲ್ಲಿ ಗುಜರಿಗೆ ಹಾಕ್ದೆ. ಯಾಕೆ?"

ಪುಟ್ಟಾಚಾರಿ ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟ.

"ಹದಿನೆಂಟು ವರ್ಷದ ಹಿಂದೆ ಒಂದ್ಸಲ ಡೀಸೆಲ್ ಮುಗಿದು, ಸುಡುಬಿಸಿಲಲ್ಲಿ ಏಳು ಕಿಲೋಮೀಟರ್ ಕ್ಯಾನ್ ಹೊತ್ಕೊಂಡು ನಡೆದು, ಮನೇಲಿ ಮೂರು ದಿನ ಮಲಗಿದ್ಯಲ್ಲ… ಆಗ ನಿನ್ನ ಹೆಂಡ್ತಿ ನನ್ನ ಶೆಡ್ಡಿಗೆ ಬಂದಿದ್ಲು.

'ಆಚಾರಣ್ಣ, ನಮ್ಮನೆ ಗಡಿಯಾರಾನ ನಾನು ಹತ್ತು ನಿಮಿಷ ಮುಂದಕ್ಕಿಟ್ಟಿರ್ತೀನಿ. ಹಂಗೇ ಆ ಡೀಸೆಲ್ ಮುಳ್ಳಿಗೂ ಏನಾದ್ರೂ ಮಾಡಕ್ಕಾಗುತ್ತಾ?' ಅಂದ್ಲು.

ಟ್ಯಾಂಕಿನೊಳಗೆ ಡೀಸೆಲ್ ಮೇಲೆ ತೇಲುತ್ತಲ್ಲ, ಫ್ಲೋಟು… ಅದರ ಕಡ್ಡಿ ಒಂಚೂರು ಬಗ್ಗಿಸಿದೆ. ಐದು ಲೀಟರ್ ಇರುವಾಗಲೇ ಮುಳ್ಳು ಖಾಲಿ ತೋರಿಸೋ ಹಾಗೆ."

ಚನ್ನಿಗಪ್ಪ ಬಗ್ಗಿ ಮೀಟರಿನ ಮುಳ್ಳನ್ನೇ ನೋಡಿದ.

"'ಅವರಿಗೆ ಹೇಳ್ಬೇಡ ಅಣ್ಣ, ಹೇಳಿದ್ರೆ ಆ ಐದು ಲೀಟರನ್ನೂ ಓಡಿಸಿ ಮುಗಿಸ್ತಾರೆ' ಅಂತ ಆಣೆ ಹಾಕಿಸ್ಕೊಂಡಿದ್ಲು ಕಣಯ್ಯ… ನೀನು ಸ್ಟ್ಯಾಂಡಲ್ಲಿ ಕಾಲು ಚಾಚಿದಾಗೆಲ್ಲ ನಂಗೆ ನಗು ತಡ್ಯಕ್ಕಾಗ್ತಿರಲಿಲ್ಲ."

ಪುಟ್ಟಾಚಾರಿ ನಗಲು ನೋಡಿದ. ಆಗಲಿಲ್ಲ.

ಹದಿನೆಂಟು ವರ್ಷ… ಬದುಕಿದ್ದಷ್ಟು ದಿನವೂ ಅವಳು ಎದುರಿಗೆ ಕೂತು ಅವನ ಜಂಬ ಕೇಳಿದ್ದಳು. ಒಂದು ಸಲ, ಒಂದೇ ಒಂದು ಸಲ, "ಅದು ನಾನು ಮಾಡ್ಸಿದ್ದು" ಎಂದಿರಲಿಲ್ಲ.

ಚನ್ನಿಗಪ್ಪ ಗಾಡಿಗೆ ಒರಗಿ ಮಗುವಿನಂತೆ ಅತ್ತುಬಿಟ್ಟ.

ಗಾಳಿ ತೆಗೆದದ್ದಾಯಿತು. ಇಂಜಿನ್ ಗುರ್ರೆಂದಿತು. ಹೊರಡುವಾಗ ಪುಟ್ಟಾಚಾರಿ ಮೆತ್ತಗೆ ಕೇಳಿದ, "ಈ ಟ್ಯಾಂಕಿನ ಕಡ್ಡೀನೂ ಬಗ್ಗಿಸಿಕೊಡ್ಲಾ?"

ಚನ್ನಿಗಪ್ಪ ಅಡ್ಡಡ್ಡ ತಲೆಯಾಡಿಸಿದ.

"ಬೇಡ ಆಚಾರಿ. ಗೊತ್ತಾದ ಮೇಲೆ ಅದು ಕೆಲಸ ಮಾಡಲ್ಲ… ಗೊತ್ತಿದ್ದೂ ಹೇಳದೆ ಇರೋಳು ಒಬ್ಬಳು ಮನೇಲಿರ್ಬೇಕು."


*ನಮ್ಮ ತಾಕತ್ತು ಎಂದು ನಾವು ಮೆರೆಯುವ ಎಷ್ಟೋ ದೂರ, ನಮಗಾಗಿ ಯಾರೋ ಸದ್ದಿಲ್ಲದೆ ಉಳಿಸಿಟ್ಟದ್ದು…*

ನಿಮ್ಮ ಜಂಬವನ್ನೆಲ್ಲ ಕೇಳಿ "ಹೌದು ಬಿಡಿ" ಎಂದು ಸುಮ್ಮನೆ ನಗುವವರು ನಿಮ್ಮ ಮನೆಯಲ್ಲಿ ಯಾರು? ಅವರು ಎದುರಿಗಿರುವಾಗಲೇ ಇವತ್ತು ಒಂದು ಮಾತು ಕೇಳಿನೋಡುತ್ತೀರಾ?